ಅಮಾಸಿಗೊಮ್ಮೆ ಓದಿದ ಸಮುದ್ರ

ಮೊನ್ನೆ ಗದಗಿನ ಸ್ಟೇಷನ್ ರಸ್ತೆಯಲ್ಲಿ ಹಳೆ ಪುಸ್ತಕ ಮಾರುವವನ ಹತ್ತಿರ ಒಂದು ಕಾದಂಬರಿ ಸಿಕ್ಕಿತು. ಬರೀ ಮುಗ್ಗಲು ವಾಸನೆ. ಆದರೂ ಬಿಡದೆ ತಂದು ಓದಿ ಮುಗಿಸಿದೆ. ಕಥೆ ನಡೆಯುವುದು ಅಂಕೋಲೆ ಕಡೆಯ ಒಂದು ಮೀನುಗಾರರ ಊರಲ್ಲಿ. ಮದುವೆಯಾದ ಹೊಸದರಲ್ಲಿ ನಾವು ಅದರ ಪಕ್ಕದಲ್ಲೇ ಇದ್ದೆವು. ಮೀನು ಒಣಗಿಸುವ ಅಂಗಳ, ಹೊಳೆ ಸಮುದ್ರಕ್ಕೆ ಸೇರುವ ಜಾಗ, ದೋಣಿ ಎಳೆಯುವವರ ಕೂಗು... ಎಲ್ಲ ನಾನು ಕಂಡದ್ದೇ. "ಅಯ್ಯ, ಆ ಬಾವಿ ಎಡಕ್ಕಿತ್ತಲ್ಲಪಾ!" ಅಂತ ಬರೆದವನ ಜೋಡಿ ಜಗಳಾಡುತ್ತ ಓದುವ ಸುಖವೇ ಬೇರೆ. ಇದು ಎರಡನೇ ಸಲದ ಓದು. ಮೊದಲ ಸಲ ಬೆಟಗೇರಿಯ ಅತ್ತಿಯ ಮುಂದೆ ಕೂತು ಜೋರಾಗಿ ಓದಿದ್ದೆ.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಆಫೀಸಿಗೆ ನಮ್ಮ ಯಜಮಾನರ ವರ್ಗವಾಗಿ ಬೆಟಗೇರಿಯಲ್ಲಿ ಮನೆ ಹಿಡಿದಿದ್ದೆವು. ಎದುರು ಮನೆಯಾಕೆ ಸೀರೆ ನೇಯುತ್ತಿದ್ದಳು. ಓಣಿಯವರೆಲ್ಲ ಅತ್ತಿ ಅನ್ನುತ್ತಿದ್ದರು, ನಾನೂ ಅಂದೆ. ಗಂಡ ತೀರಿಹೋಗಿದ್ದ, ಇದ್ದವಳು ಒಬ್ಬಳೇ ಮಗಳು. ಆ ಮಗಳಿಗೆ ಅಂಕೋಲೆಯಿಂದ ಸಂಬಂಧ ಬಂದಿತ್ತು. ತಮ್ಮವರ ಪೈಕಿಯೇ ಹುಡುಗ, ಅಲ್ಲಿ ಬಟ್ಟೆ ಅಂಗಡಿ. ಹುಡುಗಿಗೆ ಅವನು ಮನಸ್ಸಿಗೆ ಬಂದಿದ್ದ. ಸಮುದ್ರದ ದಂಡೆಗೆ ಮಗಳನ್ನು ಕೊಡಲು ಅತ್ತಿಗೆ ಮಾತ್ರ ಜೀವ ಒಲ್ಲದು. ಡಂಬಳದ ಕೆರೆಗಿಂತ ದೊಡ್ಡ ನೀರನ್ನು ಆಕೆ ಕಂಡವಳೇ ಅಲ್ಲ.

"ನೀ ಅಲ್ಲಿದ್ದಾಕಿ. ಎಂಥಾ ಊರು ಹೇಳವಾ ತಂಗಿ" ಅಂತ ಕೇಳಿದಳು.

"ಚಲೋ ಐತಿ ಅತ್ತಿ, ಬೆವರು ಒಂದು ಭಾಳ" ಅಂದೆ. ಅಷ್ಟಕ್ಕೆ ಆಕೆಗೆ ಸಮಾಧಾನವಿಲ್ಲ. ನಾನು ಆಗ ಈ ಕಾದಂಬರಿ ಓದುತ್ತಿದ್ದೆ. ಅದು ಅಂಕೋಲೆ ಕಡೆಯದೇ ಕಥೆ ಅಂತ ಬಾಯಿಬಿಟ್ಟೆ ನೋಡ್ರಿ, ಮುಗೀತು! "ಹಂಗಾರ ಓದು, ಕೇಳತೀನಿ" ಅಂದಳು.

ಓದುವುದು ಯಾವಾಗ? ಮಗ್ಗ ನಡೆದಾಗ ಆ ಸಪ್ಪಳದಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಮಗ್ಗಕ್ಕೆ ಸೂಟಿ ಅಂದರೆ ಅಮಾಸಿ ದಿನ. ಹೀಗಾಗಿ ನಮ್ಮ ಓದು ಅಮಾಸಿಯಿಂದ ಅಮಾಸಿಗೆ... ಹುಡುಗನ ಕಡೆಯವರು ಖಬರು ಕಳಿಸಿದಾಗಲೆಲ್ಲ ಆಕೆಯದು ಒಂದೇ ಉತ್ತರ: "ಪುಸ್ತಕ ಮುಗೀಲಿ, ಹೇಳತೀನಿ." ಅವರು ತಲೆ ಚಚ್ಚಿಕೊಂಡಿರಬೇಕು.

"ಇದು ಕಟ್ಟಿದ ಕಥಿ ಅತ್ತಿ" ಅಂದರೆ, "ಊರು ಖರೆ ಐತಿಲ್ಲೋ?" ಅಂತ ನನ್ನನ್ನೇ ಕೇಳುವಳು.

ಕಡೆಯ ಅಮಾಸಿಗೆ ಮುಂಚೆ ಮಗಳು ನಮ್ಮ ಹಿತ್ತಲಿಗೆ ಬಂದಳು. "ಅಕ್ಕಾ, ಕಡೀಕ ಯಾರರ ಸಾಯತಾರೇನ್ರಿ?" ಕಥೆಯಲ್ಲಿ ನಾಯಕಿಯ ಗಂಡ ಮೀನಿಗೆ ಹೋದವನು ತಿರುಗಿ ಬರುವುದಿಲ್ಲ. ಹೇಳಿದೆ. ಹುಡುಗಿಯ ಮುಖ ಇಷ್ಟಾಯಿತು.

"ಹಂಗಾರ ನನ್ನ ಲಗ್ನ ಆದಂಗ ಆತು. ಆ ಹಾಳಿ ಬಿಟ್ಟು ಓದ್ರಿ ಅಕ್ಕಾ..."

ಪಾಪ ಅನ್ನಿಸಿತು. ಆದರೆ ಇಷ್ಟು ತಿಂಗಳು ಕಿವಿಗೊಟ್ಟು ಕೂತಾಕೆಯ ಮುಂದೆ ಹಾಳೆ ಹಾರಿಸಲು ನನಗೆ ಮನಸ್ಸಾಗಲಿಲ್ಲ. ಇದ್ದದ್ದನ್ನು ಇದ್ದಂತೆ ಓದಿದೆ.

ದೋಣಿ ಬರಲಿಲ್ಲ ಅನ್ನುವಲ್ಲಿ ಅತ್ತಿ ಅತ್ತುಬಿಟ್ಟಳು. ಬಾಗಿಲ ಮರೆಯಲ್ಲಿ ಮಗಳು ನಿಂತಿದ್ದಳು. ಓದಿ ಮುಗಿಸಿ ಪುಸ್ತಕ ಮುಚ್ಚಿದೆ. ಅತ್ತಿ ಮೂಗು ಒರೆಸಿಕೊಂಡು ಅಂದಳು:

"ಗಂಡ ಹ್ವಾದ ಮ್ಯಾಲ ಆಕಿ ಮನ್ಯಾಗ ಒಲಿ ಹಚ್ಚಾಕ ಬಿಡಲಿಲ್ಲ ನೋಡು ಆ ಊರ ಮಂದಿ. ದಿನಾ ಒಬ್ಬೊಬ್ಬರು ಗಂಜಿ ತಂದು ಉಣಿಸಿದ್ರು. ಇಕಿ ಅಪ್ಪ ಹ್ವಾದಾಗ ಇಲ್ಲಿ ಯಾವ ಸಮುದ್ರ ಇತ್ತವಾ? ನನ್ನ ಬಾಗಲಿಗೆ ಯಾರು ಬಂದ್ರು?"

ಅಮಾಸಿ ದಿನ ಲಗ್ನದ ಮಾತು ಬ್ಯಾಡ ಅಂತ, ಮರುದಿನ ಮುಂಜಾನೆ ಹೂಂ ಅಂತ ಖಬರು ಕಳಿಸಿದಳು.

ಆಮೇಲೆ ನಮಗೆ ಲಕ್ಷ್ಮೇಶ್ವರಕ್ಕೆ ವರ್ಗವಾಯಿತು. ಬರುತ್ತೇನೆ, ಬರುತ್ತೇನೆ ಅನ್ನುತ್ತಲೇ ವರ್ಷಗಳು ಹೋದವು. ಅತ್ತಿ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದೂ ತಡವಾಗಿ.

ಮೊನ್ನೆ ಪುಸ್ತಕ ಮುಗಿಸಿದವಳೇ ಅಂಕೋಲೆಗೆ ಅತ್ತಿಯ ಮಗಳಿಗೆ ಫೋನು ಹಚ್ಚಿದೆ. "ನಿಮ್ಮವ್ವ ಒಮ್ಮಿಯರ ಸಮುದ್ರ ನೋಡಿದ್ಲೇನ?" ಅಂತ ಕೇಳಿದೆ.

"ಒಮ್ಮಿ ಕರಕೊಂಡು ಹೋಗಿದ್ನಿರಿ ಅಕ್ಕಾ. ಸಮುದ್ರಕ್ಕ ಬೆನ್ನು ಮಾಡಿ ಕುಂತ್ಲು. ಮೀನು ಒಣಗಸೋ ಹೆಣಮಕ್ಕಳನ್ನ ಕರೆದು, 'ನನ್ನ ಮಗಳು ಇಲ್ಲೇ ಇರತಾಳ, ನೋಡಕೋರ್ರಿ' ಅಂತ ಒಬ್ಬೊಬ್ಬರಿಗೂ ಹೇಳಿ ಬಂದ್ಲು."

ಇಬ್ಬರೂ ನಕ್ಕೆವು.