ಸುರಕ್ಕೆ ಕೂತವನು

ರಾಯಚೂರಿಗೆ ಬಂದ ಹನ್ನೊಂದನೆಯ ದಿನ, ಊಟ ಮುಗಿಸಿ ಬರಿಮೈಯಲ್ಲಿ ನೆಲದ ಮೇಲೆ ಬಿದ್ದುಕೊಂಡಿದ್ದಾಗ, ನನ್ನ ಬೇಸ್ ಸಿಡಿಯಿತು. ಪಟಾಕಿಯಂಥ ಒಂದೇ ಸದ್ದು. ಎದ್ದು ಹೋಗಿ ಗವುಸು ಬಿಚ್ಚಿದರೆ, ತಂತಿ ಹೊರುವ ಕುದುರೆಯ ಕೆಳಗಿನಿಂದ ಅಂಚಿನವರೆಗೆ ಹೊಟ್ಟೆಯ ಹಲಗೆ ಸೀಳಿತ್ತು. ಸೀಳಿನಲ್ಲಿ ನನ್ನ ಹೆಬ್ಬೆರಳಿನ ಉಗುರು ಇಳಿಯಿತು. ಕಿಟಕಿಯಾಚೆ ಏಪ್ರಿಲ್ಲಿನ ಬಿಸಿಲು, ಪಕ್ಕದ ಗಿರಣಿಯ ತೌಡಿನ ಧೂಳು. ಆ ಕ್ಷಣದಿಂದ ಈ ಊರಿಗೂ ನನಗೂ ಆಗಿಬರಲಿಲ್ಲ.

ಬೇಸ್ ಎಂದರೆ ಆಳೆತ್ತರದ ಪಿಟೀಲು ಎಂದುಕೊಳ್ಳಿ. ಜಾಝ್‌ನಲ್ಲಿ ಅದನ್ನು ನಿಂತುಕೊಂಡು ಬೆರಳಿನಿಂದ ಮೀಟುತ್ತೇವೆ. ಮಾಟುಂಗಾದಲ್ಲಿ ಕೂತು ಇದನ್ನು ಓದುವ ನಿಮಗೆ ಗೊತ್ತಿರುವ ಹಾಗೆ, ಮುಂಬಯಿಯಲ್ಲಿ ನಮ್ಮ ಶತ್ರು ತೇವ. ಮಳೆಗಾಲದಲ್ಲಿ ಮರ ಊದಿಕೊಳ್ಳುತ್ತದೆ, ಅಂಟು ಬಿಡುತ್ತದೆ. ಹಾಗಾಗಿ ಗವುಸಿನೊಳಗೆ ತೇವ ಹೀರುವ ಪುಡಿಯ ಪೊಟ್ಟಣಗಳನ್ನು ತುರುಕುವುದು ಅಲ್ಲಿನ ಬೇಸಿನವರೆಲ್ಲರ ರೂಢಿ. ನಾನು ಆ ರೂಢಿಯನ್ನೂ ಸಾಮಾನಿನ ಜೊತೆಗೆ ಲಾರಿಯಲ್ಲಿ ತಂದಿದ್ದೆ. ಮೊದಲೇ ಒಣಗಿ ಸಾಯುವ ಊರಿನಲ್ಲಿ ಮರದೊಳಗಿನ ಕೊನೆಯ ಹನಿಯನ್ನೂ ನಾನೇ ಹೀರಿಸಿದ್ದೆ. ತಪ್ಪು ನನ್ನದೇ. ಆದರೂ ಬೈದದ್ದು ಊರನ್ನು.

ಬಂದದ್ದೇಕೆ ಎಂದು ಕೇಳುತ್ತೀರಿ. ನನ್ನ ಹೆಂಡತಿ ಶೈಲಾ ಬ್ಯಾಂಕಿನಲ್ಲಿ ಮ್ಯಾನೇಜರ್, ಇಲ್ಲಿಗೆ ವರ್ಗವಾಯಿತು. ನನ್ನನ್ನು ಹಿಡಿದಿಡುವಂಥದ್ದು ಮುಂಬಯಿಯಲ್ಲಿ ಏನೂ ಉಳಿದಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮಾಹಿಮಿನ ಒಬ್ಬ ಗೋವೆಯ ಮುದುಕರ ಬಳಿ ಬೇಸ್ ಕಲಿತೆ. ಮದುವೆಯ ಬ್ಯಾಂಡು, ಸಿನಿಮಾ ಸ್ಟುಡಿಯೋ, ಎರಡು ವರ್ಷ ಹಡಗು, ಆಮೇಲೆ ಹೋಟೆಲುಗಳು. ಊಟದ ಹೊತ್ತಿನಲ್ಲಿ ಯಾರೂ ಕೇಳದಿದ್ದರೂ ನಾವು ನುಡಿಸುತ್ತಿದ್ದೆವು. ಒಂದು ದಿನ ಹೋಟೆಲಿನವರು ನಾಲ್ಕು ಜನರ ಜಾಗಕ್ಕೆ ಒಂದು ಲ್ಯಾಪ್‌ಟಾಪು ತಂದಿಟ್ಟರು. ಐವತ್ತಾರರ ಬೇಸಿನವನನ್ನು ಮತ್ತೆ ಯಾರು ಕರೆಯುತ್ತಾರೆ?

ಮುಂಬಯಿಯಲ್ಲಿ ಪಕ್ಕದ ಮನೆಯವನು ಸತ್ತರೂ ಮೂರು ದಿನ ತಿಳಿಯದು. ಇಲ್ಲಿ ಮೂರು ದಿನಕ್ಕೆ ಇಡೀ ಓಣಿಗೆ ನನ್ನ ಜಾತಕ ಗೊತ್ತಾಗಿತ್ತು. ಮನೆಯ ಯಜಮಾನರು ಅಕ್ಕಿ ಗಿರಣಿಯವರು, ಹಣೆತುಂಬ ವಿಭೂತಿ, ಮಾತು ಮೆತ್ತಗೆ.

“ಮೇಡಂ ದುಡೀತಾರ. ನೀವೇನ್ ಮಾಡ್ತೀರಿ?”

“ಸಂಗೀತ.”

“ಅದಲ್ರೀ. ಕೆಲಸ?”

ಬೆಳಿಗ್ಗೆ ಅಂಗಡಿಯಲ್ಲಿ ಒಗ್ಗರಣೆ-ಮಿರ್ಚಿ ತಿನ್ನಲು ಕೂತರೆ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ ಮತ್ತು ಕಣ್ಣಲ್ಲಿ ನೀರು ತರಿಸುವ ಮೆಣಸಿನಕಾಯಿ ಬಜ್ಜಿ, ಪಕ್ಕದವರು ನನ್ನ ಮಾತನ್ನು ಅಣಕಿಸುತ್ತಿದ್ದರು: “ಪುಸ್ತಕ ಓದಿದಂಗ ಮಾತಾಡ್ತಾರ ನೋಡು.” ನನ್ನ ತಾಯ್ನುಡಿಯಲ್ಲೇ ನನ್ನನ್ನು ಪರದೇಶಿ ಮಾಡಿದರು. ನಾನು ಮಾತಾಡುವುದನ್ನೇ ಬಿಟ್ಟೆ. ಸೊಕ್ಕು ಅಂದರು.

ಸೀಳಿದ ಬೇಸನ್ನು ಮುಂಬಯಿಗೆ ಕಳಿಸಿದರೆ ದಾರಿಯಲ್ಲೇ ಎರಡಾಗುತ್ತಿತ್ತು. ಮಾನ್ವಿಯಲ್ಲಿ ಒಬ್ಬ ಬಡಿಗ ತಂಬೂರಿ ಮಾಡುತ್ತಾನೆ, ಅವನಿಗೆ ತೋರಿಸಿ ಎಂದು ಶೈಲಾಳ ಬ್ಯಾಂಕಿನ ಜವಾನ ಹೇಳಿದ. ಬಸ್ಸಿನ ಹಿಂದಿನ ಸೀಟಿನಲ್ಲಿ ಬೇಸನ್ನು ಮಲಗಿಸಿಕೊಂಡು ಹೋದೆ. ಕಾಳಪ್ಪ ಬಡಿಗೇರ ಬಾಗಿಲ ಚೌಕಟ್ಟು ಹೆರೆಯುತ್ತಿದ್ದ. ನನ್ನ ವಯಸ್ಸಿನವನೇ. ಗವುಸು ತೆಗೆದು, ಬೆರಳಿನ ಗೆಣ್ಣಿನಿಂದ ಹೊಟ್ಟೆಯನ್ನು ತಟ್ಟಿ, ಕಿವಿಯಿಟ್ಟು ಕೇಳಿದ.

“ಯಾರ್ರೀ ಇದನ್ನ ಹುರದವ್ರು?”

ಪೊಟ್ಟಣಗಳ ವಿಷಯ ಹೇಳಿದೆ. ನಗಲಿಲ್ಲ ಅವನು. ಎರಡು ವಾರ ಒದ್ದೆ ಗೋಣಿಚೀಲದ ನಡುವೆ ಬೇಸನ್ನು ನಿಲ್ಲಿಸಿ, ಮರ ತಾನಾಗಿ ಕೂಡಿಕೊಳ್ಳುವವರೆಗೆ ಕಾದ. ಆಮೇಲೆ ಸರೇಶನ್ನು ಕುದಿಸಿದ. ತೊಗಲು ಬೇಯಿಸಿ ಮಾಡುವ ಅಂಟು ಅದು, ನಾಲ್ಕು ಓಣಿಗೆ ನಾರುತ್ತದೆ. ಹಚ್ಚಿ, ಹಗ್ಗ ಬಿಗಿದು, ಒಳಗೆ ತೇಗದ ಸಣ್ಣ ಪಟ್ಟಿಗಳನ್ನು ಕೂರಿಸಿದ. ಕೂಲಿ ಎಷ್ಟು ಎಂದೆ.

“ರೊಕ್ಕ ಬ್ಯಾಡ್ರಿ. ನಮ್ ತಂಬೂರಿಯವ ಪುಣೆಕ ದುಡಿಯಾಕ ಹೋಗ್ಯಾನ. ಅವ ಬರೋತನ ಸೋಮವಾರಕ್ಕೊಮ್ಮೆ ನಮ್ ಭಜನ್ಯಾಗ ಸುರಕ್ಕ ಕುಂದ್ರಿ.”

ಸುರಕ್ಕೆ ಕೂರುವುದು ಎಂದರೆ ಹಾಡುವವನ ಬೆನ್ನಿಗೆ ಒಂದೇ ಸ್ವರವನ್ನು ಹಿಡಿದುಕೊಂಡಿರುವುದು. ಕಾಳಪ್ಪ ಹಾಡುಗಾರ, ಅವನ ಸುರ ಹಾರ್ಮೋನಿಯಮ್ಮಿನ ಕರಿ ಎರಡು, ಅಂದರೆ ಎರಡನೆಯ ಕರಿ ಮನೆ. ಬೇಸಿನ ಒಂದು ತಂತಿಯನ್ನು ಅದಕ್ಕೆ ಏರಿಸಿಕೊಂಡು ಅದನ್ನೇ ಮೀಟುತ್ತ ಕೂರಬೇಕು. ನಿಂತು ನುಡಿಸುವ ಹಾಗೂ ಇಲ್ಲ: ಎಲ್ಲರೂ ನೆಲದ ಮೇಲಿರುವಾಗ ನಾನೊಬ್ಬ ನಿಂತರೆ ಮರ್ಯಾದೆಯಲ್ಲವಂತೆ. ಕಾಳಪ್ಪ ಒಂದು ಗಿಡ್ಡ ಮಣೆ ಮಾಡಿಕೊಟ್ಟ. ಹಾಲು ಕರೆಯುವವನ ಹಾಗೆ ಕಾಲು ಅಗಲಿಸಿ ಕೂತು ಗಂಟೆಗಟ್ಟಲೆ ಒಂದೇ ತಂತಿ. ಜಾಝ್‌ನಲ್ಲಿ ನಮ್ಮ ಕೆಲಸ ಇದಕ್ಕೆ ತದ್ವಿರುದ್ಧ. ತಾಳದ ಪ್ರತಿ ಪೆಟ್ಟಿಗೂ ಒಂದು ಹೊಸ ಸ್ವರ, ಮೆಟ್ಟಿಲು ಹತ್ತಿ ಇಳಿಯುವ ಹಾಗೆ. ಅದಕ್ಕೆ ನಡಿಗೆ ಎಂದೇ ಹೆಸರು. ನಿಂತರೆ ಕೆಲಸ ಹೋಗುತ್ತದೆ. ಮೊದಲ ಸೋಮವಾರ ಬೆರಳು ತಡೆಯದೆ ಎರಡು ಹೆಜ್ಜೆ ಹಾಕಿದ್ದಕ್ಕೆ ತಾಳದವನು ನನ್ನತ್ತ ಉಗುಳುವವನಂತೆ ನೋಡಿದ. ಅವಮಾನದಿಂದ ಕುದಿದು ಮನೆಗೆ ಬಂದು ಶೈಲಾಳ ಮೇಲೆ ಹರಿಹಾಯ್ದೆ.

“ಹಾಗಾದರೆ ಹೋಗಬೇಡ,” ಎಂದಳು.

ಮುಂದಿನ ಸೋಮವಾರ ಮತ್ತೆ ಹೋದೆ. ನುಡಿಸಲು ಬೇರೆಲ್ಲೂ ಜಾಗವಿರಲಿಲ್ಲ, ಅಷ್ಟೇ.

ನನ್ನ ನಡಿಗೆಯನ್ನು ಕೇಳಬೇಕೆಂದವಳು ಒಬ್ಬಳೇ: ಕಾಳಪ್ಪನ ಅಕ್ಕ ನಾಗಮ್ಮ. ದೇವದುರ್ಗದವಳು. ಪುಣೆಗೆ ಹೋದ ತಂಬೂರಿಯವನು, ಈರಣ್ಣ, ಅವಳ ಮಗ. ತಮ್ಮನ ಮನೆಗೆ ಬಂದಾಗಲೆಲ್ಲ ಅಂಗಡಿಯ ಹೊಸ್ತಿಲಲ್ಲಿ ಕೂತು, “ಆ ತಿರುಗಾಡೋದು ಬಾರಸ್ರಿ,” ಎನ್ನುತ್ತಿದ್ದಳು. ಬಾರಿಸಿದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. “ಒಂದ್ ಕಡಿ ನಿಂದ್ರಂಗಿಲ್ಲ ನೋಡಿದು. ನಮ್ ಈರಣ್ಣನಂಗ.” ಈ ಜಿಲ್ಲೆಯಲ್ಲಿ ನನಗೆ ಸಿಕ್ಕ ಒಟ್ಟು ಶ್ರೋತೃವರ್ಗ ಅದು.

ಚಳಿಗಾಲದಲ್ಲಿ ಮುಂಬಯಿಯಿಂದ ಡೆರಿಕ್‌ನ ಫೋನು ಬಂತು. ಹಳೆಯ ಜೊತೆಗಾರ, ಪಿಯಾನೊ ಅವನದು. ಬಾಂದ್ರಾದಲ್ಲಿ ಹೊಸ ಜಾಗ, ಎರಡು ವಾರ ನುಡಿಸಿ ನೋಡುವುದು, ಹಿಡಿಸಿದರೆ ಕಾಯಂ. ನನಗೆ ನೆಗೆಯುವಷ್ಟು ಖುಷಿಯಾಯಿತು. ಹೊರಡಲು ಐದು ದಿನವಿರುವಾಗ ನಸುಕಿನಲ್ಲಿ ಕಾಳಪ್ಪ ಫೋನು ಮಾಡಿದ. ನಾಗಮ್ಮ ತೀರಿಹೋಗಿದ್ದಳು.

ದೇವದುರ್ಗದಲ್ಲಿ ಅವಳನ್ನು ಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು, ಹೂವು, ಕುಂಕುಮ. ಈರಣ್ಣ ಪುಣೆಯಿಂದ ಬಸ್ಸು ಹಿಡಿದಿದ್ದ. ಮಗ ಬಂದು ಮುಖ ನೋಡುವವರೆಗೆ ಭಜನೆ ನಿಲ್ಲಬಾರದು. ಅದು ಅವರ ಮನೆತನದ ಪದ್ಧತಿ. ಕಾಳಪ್ಪ ಮಣೆ ತೋರಿಸಿ ಹೇಳಿದ: “ನಾ ನಿಂತರೂ ನೀವು ನಿಂದ್ರಬ್ಯಾಡ್ರಿ. ಸುರ ಹಿಡಕೊಂಡಿರ್ರಿ.”

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹಿಡಿದುಕೊಂಡೇ ಇದ್ದೆ. ಬೆರಳಿನ ತುದಿಗೆ ಬೊಬ್ಬೆ ಬಂತು. ಕಣ್ಣು ಮುಚ್ಚಿದ್ದೆ, ನನ್ನ ತಲೆಯೊಳಗೆ ಬಾಂದ್ರಾದ ಹಾಡುಗಳು ಓಡುತ್ತಿದ್ದವು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆಗ ಕಾಳಪ್ಪನ ದನಿ ನಿಂತಿತು. ತಾಳ ನಿಂತಿತು. ದಮ್ಮಡಿಯ ಬಡಿತ ನಿಂತಿತು. ನಾನೊಬ್ಬನೇ ಉಳಿದೆ.

ಜಾಝ್‌ನಲ್ಲಿ ಒಂದು ಪದ್ಧತಿ ಇದೆ. ಬೇಸಿನ ಸರದಿ ಬಂದಾಗ ಎಲ್ಲರೂ ಕೈಬಿಟ್ಟು ಸುಮ್ಮನಾಗುತ್ತಾರೆ. ಸುತ್ತಲೂ ಮೌನವಾದರೆ ಅರ್ಥ ಒಂದೇ: ಈಗ ನೀನು. ವರ್ಷಗಟ್ಟಲೆ ಆ ಮೌನ ಬಂದ ಕೂಡಲೇ ನನ್ನ ಕೈ ತಾನಾಗಿ ಹೊರಟಿದೆ. ಅವತ್ತೂ ಹೊರಟಿತು. ಕೆಳಗಿನ ತಂತಿಗೆ ಇಳಿದೆ, ಮೇಲೆ ಹತ್ತಿದೆ, ಎರಡು ಸುತ್ತು ನಡೆದೆ, ಕೊನೆಯಲ್ಲಿ ಒಂದು ಗಮ್ಮತ್ತಿನ ತಿರುವು ಕೊಟ್ಟೆ. ಚೆನ್ನಾಗಿ ನುಡಿಸಿದೆ. ವರ್ಷಗಳಿಂದ ಅಷ್ಟು ಚೆನ್ನಾಗಿ ನುಡಿಸಿರಲಿಲ್ಲ.

“ಯವ್ವಾ, ಇದೇನ್ ಕುಣಿತ ಬೇ!” ಎಂದು ಒಬ್ಬ ಹೆಂಗಸು ಕಿರುಚಿದಳು.

ಕಣ್ಣು ಬಿಟ್ಟೆ. ಕಾಳಪ್ಪ ಹಾಡು ನಿಲ್ಲಿಸಿದ್ದು ಅಳು ಬಂದದ್ದರಿಂದ. ಅವನ ಮುಖ ಪೂರ್ತಿ ತೊಯ್ದಿತ್ತು. ಎದ್ದು ಬಂದು ಅಂಗೈಯನ್ನು ನನ್ನ ತಂತಿಗಳ ಮೇಲೆ ಒತ್ತಿ ಹಿಡಿದ. ಸದ್ದು ಸತ್ತಿತು.

“ನಾ ಅಳಾಕತ್ತಿದ್ನಿ. ಹಿಡಕೊಂಡಿರ್ರಿ ಅಂದಿದ್ನಿ. ನೀವು ನಡದುಬಿಟ್ರಿ.”

ಯಾರೂ ಮತ್ತೆ ಶುರು ಮಾಡಲಿಲ್ಲ. ಈರಣ್ಣ ಒಳಗೆ ಬಂದದ್ದು ಆ ಮೌನಕ್ಕೆ. ಚೀಲ ಹೆಗಲಲ್ಲೇ ಇತ್ತು. ತಾಯಿಯನ್ನು ನೋಡಿದ, ಆಮೇಲೆ ಗಂಟು ಮುಖ ಹಾಕಿಕೊಂಡು ಕೂತಿದ್ದ ಎಲ್ಲರನ್ನೂ. “ಭಜನಿ ಯಾಕ್ ನಿಂತದ?” ಎಂದು ಕೇಳಿದ. ಎಲ್ಲರೂ ನನ್ನ ಕಡೆ ನೋಡಿದರು. ಬೇಸನ್ನು ಎಳೆದುಕೊಂಡು ಹೊರಗೆ ಬಂದೆ. ಯಾರೂ ಕೈ ಕೊಡಲಿಲ್ಲ.

ಸುದ್ದಿ ನನಗಿಂತ ಮೊದಲೇ ರಾಯಚೂರು ಮುಟ್ಟಿತ್ತು. ಮನೆಯ ಯಜಮಾನರು, “ಹೆಣದ ಮುಂದ ಮೋಜು ಮಾಡಿದ್ರಂತ,” ಎಂದು ಮೆತ್ತಗೆ ಹೇಳಿ ಗೇಟು ಹಾಕಿಕೊಂಡರು. ನನಗೂ ಸಿಟ್ಟು ಬಂದಿತ್ತು. ಕೊಲೆ ಮಾಡಿದ್ದೆನೇ ನಾನು? ಒಂದು ಅಭ್ಯಾಸ ತಪ್ಪು ಜಾಗದಲ್ಲಿ ಕಾಲೂರಿತು, ಅಷ್ಟೇ. ಇನ್ನು ಈ ಸುಡುಗಾಡು ಊರು ಬೇಡವೆಂದು ರೈಲು ಹತ್ತಿದೆ.

ಬಾಂದ್ರಾದಲ್ಲಿ ಮೊದಲ ಸಂಜೆ. ಸಮುದ್ರದ ಗಾಳಿ, ಅಂಟು ಮೈ, ನನ್ನನ್ನು ಯಾರೂ ಏನೂ ಕೇಳದ ಆ ಸುಖ. ಮೂರನೆಯ ಹಾಡಿನಲ್ಲಿ ನನ್ನ ಸರದಿ ಬಂತು. ಡೆರಿಕ್ ಕೈ ಎತ್ತಿದ, ಡ್ರಮ್ಮಿನವನು ಕೈ ಎತ್ತಿದ. ಮೌನ. ನನ್ನ ಕೈ ಹೊರಡಲಿಲ್ಲ. ಒಂದೇ ತಂತಿ, ಒಂದೇ ಸ್ವರ, ಇಡೀ ಸುತ್ತು ಅದನ್ನೇ ಹಿಡಿದುಕೊಂಡು ನಿಂತೆ. ಗೌರವದಿಂದಲ್ಲ, ಪಶ್ಚಾತ್ತಾಪದಿಂದಲೂ ಅಲ್ಲ. ಹೆದರಿಕೆ. ಈ ಸುಮ್ಮನಾದವರಲ್ಲಿ ಯಾರೋ ಅಳುತ್ತಿರಬಹುದು ಎಂಬ ಹೆದರಿಕೆ. ಕಣ್ಣು ತೆರೆದು ಒಬ್ಬೊಬ್ಬರ ಮುಖ ನೋಡಿದೆ. ಯಾರೂ ಅಳುತ್ತಿರಲಿಲ್ಲ, ಊಟ ಮಾಡುತ್ತಿದ್ದರು. ಎರಡು ವಾರದಲ್ಲಿ ನಾಲ್ಕು ಸಲ ಹೀಗಾಯಿತು. “ಬೇಸ್ ಬೇಕು ನನಗೆ, ತಂಬೂರಿ ಅಲ್ಲ,” ಎಂದ ಡೆರಿಕ್. “ಒಂದು ತಿಂಗಳು ಕಾಯುತ್ತೇನೆ. ಸರಿ ಮಾಡಿಕೊಂಡು ಬಾ, ಇಲ್ಲವೇ ಹೇಳಿಬಿಡು.”

ರಾಯಚೂರಿಗೆ ಮರಳಿ, ಸೋಮವಾರ ಮಾನ್ವಿಗೆ ಹೋದೆ. ಏನು ಕೇಳಲು ಎಂದು ನನಗೇ ಸ್ಪಷ್ಟವಿರಲಿಲ್ಲ. ಮಣೆಯ ಮೇಲೆ ಮತ್ತೆ ಕೂರಲು ಬಿಡುತ್ತಾರೆಯೇ ಎಂದು ಇರಬೇಕು. ಅಂಗಡಿಯೊಳಗೆ ಈರಣ್ಣ ತಂಬೂರಿಗೆ ತಂತಿ ಕಟ್ಟುತ್ತಿದ್ದ. ಪುಣೆಗೆ ಇನ್ನು ಹೋಗುವುದಿಲ್ಲವಂತೆ. ನನ್ನನ್ನು ನೋಡಿ ತಂಬೂರಿ ಎತ್ತಿಕೊಂಡು ಒಳಗೆ ಹೋದ. ಕಾಳಪ್ಪ ಬೇಸಿನ ಗವುಸು ಬಿಚ್ಚಿ, ಸೀಳು ಕೂಡಿದ ಗೆರೆಯ ಗುಂಟ ಬೆರಳಾಡಿಸಿ, ಗೆಣ್ಣಿನಿಂದ ತಟ್ಟಿದ.

“ಸರೇಶ್ ಹಿಡದದ,” ಎಂದ. ನಂತರ ತಲೆ ಎತ್ತದೆ ಕೇಳಿದ: “ಖರೇ ಹೇಳ್ರಿ. ಅವತ್ತ ನೀವು ಅಕ್ಕನ ಸಲುವಾಗಿ ಬಾರಿಸಿದ್ರೇನು? ಆಕಿಗ ಸೇರ್ತಿತ್ತಲ್ಲ ಅದು.”

ಒಳಗಿನ ಕೋಣೆಯಲ್ಲಿ ತಂಬೂರಿಯ ಸದ್ದೂ ನಿಂತಿತ್ತು. ಈರಣ್ಣ ಕೇಳಿಸಿಕೊಳ್ಳುತ್ತಿದ್ದ. ಹೌದು ಎಂದರೆ ಸಾಕಿತ್ತು. ಆದರೆ ಆ ಮಧ್ಯಾಹ್ನ ನಾಗಮ್ಮ ನನ್ನ ಎದುರಿಗೇ ಕೂತಿದ್ದರೂ ಒಂದು ಕ್ಷಣವೂ ನನ್ನ ನೆನಪಿಗೆ ಬಂದಿರಲಿಲ್ಲ.

“ಇಲ್ಲ,” ಎಂದೆ. “ನನ್ನ ಸರದಿ ಬಂತು ಅಂದುಕೊಂಡೆ.”

ಕಾಳಪ್ಪ ಗವುಸಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದ, ಕೆಳಗಿನಿಂದ ಮೇಲಿನವರೆಗೆ. ಬೇಸನ್ನು ಎತ್ತಿ ನನ್ನ ಕೈಗೆ ಕೊಟ್ಟ.

“ಹೌದು ಅನಬೇಕಿತ್ರಿ ನೀವು,” ಎಂದ.

ಡೆರಿಕ್‌ಗೆ ಉತ್ತರ ಕೊಡಲು ಇನ್ನು ಒಂಬತ್ತು ದಿನ ಉಳಿದಿವೆ. ಈ ಕೋಣೆಯಲ್ಲಿ ಕೂತು ದಿನಾ ನಡಿಗೆಯ ಸಾಧನೆ ಮಾಡುತ್ತೇನೆ, ಓಣಿ ಗದ್ದಲವಾಗಿರುವವರೆಗೆ ಕೈ ಸಲೀಸಾಗಿ ಓಡುತ್ತದೆ. ಗಿರಣಿ ನಿಂತು ಸುತ್ತಲೂ ಸುಮ್ಮನಾದರೆ ಬೆರಳು ಕಾಳಪ್ಪನ ಕರಿ ಎರಡಕ್ಕೆ ಬಂದು ಕೂರುತ್ತದೆ. ಆಗ ಬೇಸನ್ನು ಗೋಡೆಗೆ ಒರಗಿಸಿ, ಗೋಣಿಚೀಲಕ್ಕೆ ನೀರು ಚಿಮುಕಿಸಿ, ಅದರ ಪಕ್ಕದಲ್ಲಿ ಇಡುತ್ತೇನೆ.