ತಾಮ್ರದ ಮೇಲಿನ ಗೀರು

ದೇವನೂರಿನ ಚಿಕ್ಕನಂಜಮ್ಮ ತಾಂಡ್ಯದ ಒಂದು ಪ್ರಯೋಗಾಲಯದಲ್ಲಿ ಕಸ ಗುಡಿಸುತ್ತಿದ್ದಳು. ಎಡಗೈ ಬಲಗೈಗಳಂತೆ ಒಂದೇ ಅಣುವಿಗೆ ಎರಡು ರೂಪಗಳಿರುತ್ತವೆ, ತಾಮ್ರದ ತಗಡಿನ ಮೇಲೆ ಬಿಟ್ಟರೆ ತಾವಾಗಿಯೇ ಸಾಲುಗೂಡಿ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಸುತ್ತುತ್ತವೆ ಎಂದು ಚಿತ್ರ ತೋರಿಸಿ ವಿಜ್ಞಾನಿ ಅರ್ಪಿತ ಅವಳಿಗೆ ಹೇಳಿದ್ದಳು.

ಅಲ್ಲಿಯವರೆಗೆ ಸಿಕ್ಕಿದ್ದು ಎಡರೂಪದ ಚಿತ್ರ ಮಾತ್ರ; ಸಹಾಯಕ ಮದನ್ ಬಲರೂಪದ ಚಿತ್ರ ತಂದ ದಿನ ಎಲ್ಲರೂ ಹಿಗ್ಗಿದರು. ಚಿಕ್ಕನಂಜಮ್ಮನಿಗೆ ಮಾತ್ರ ಗುಮಾನಿ. ಎಡರೂಪದ ಹಳೆಯ ಚಿತ್ರವನ್ನು ಪಕ್ಕಕ್ಕಿಟ್ಟು ನೋಡಿದಳು.

“ಮೇಡಮ್ಮೋರೆ, ತಗಡು ಅದೇಯಾ?”

“ಹೂಂ ನಂಜಮ್ಮ, ಅದೇ ಜಾಗ.”

“ಅಂಗಾರೆ ಅಣು ತಿರುಗ್ಲಿ. ತಾಮ್ರದ ಮ್ಯಾಲಿನ ಗೀರು ಯಾಕ್ ತಿರುಗ್ತು?”

ಅರ್ಪಿತ ಮದನನತ್ತ ತಿರುಗಿದಳು. ಬಲರೂಪದ ಅಣು ಸಾಲುಗೂಡದಿದ್ದಾಗ ಹಳೆಯ ಚಿತ್ರವನ್ನೇ ಕಂಪ್ಯೂಟರಿನಲ್ಲಿ, ಕನ್ನಡಿಯಲ್ಲಿ ಕಂಡಂತೆ ಮಗುಚಿದ್ದಾಗಿ ಅವನು ಒಪ್ಪಿಕೊಂಡ. ಆ ಚಿತ್ರದೊಂದಿಗೆ ಹೊರಡಬೇಕಿದ್ದ ವರದಿ ನಿಂತಿತು. ಆಮೇಲೆ ಅವನು ಚಿಕ್ಕನಂಜಮ್ಮನನ್ನು ಮಾತಾಡಿಸಲಿಲ್ಲ. ಅವಳೂ ಅವನ ಕಂಪ್ಯೂಟರಿನ ಮೇಲೆ ಕಣ್ಣಿಡುವುದನ್ನು ಬಿಡಲಿಲ್ಲ.