ಪಾಯಿಂಟಕ್ಕ ಹೇಳಿದ ಸಂಖ್ಯೆ

ಲಸಿಕೆ ತಯಾರಿಸುವ ಆ ಪ್ರಯೋಗಾಲಯದಲ್ಲಿ ಅವಳನ್ನು ಪಾಯಿಂಟಕ್ಕ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಅವಳ ತಮ್ಮ. ಮನೆಯಲ್ಲಿ ಹಾಲೆಷ್ಟಿದೆ ಎಂದು ಕೇಳಿದರೂ "ಒಂದು ಪಾಯಿಂಟ್ ಎರಡು ಲೀಟರ್" ಎನ್ನುವವಳನ್ನು ಇನ್ನೇನೆಂದು ಕರೆಯಬೇಕು?

ತಮ್ಮನೂ ಅಲ್ಲೇ, ಕೆಳಮಹಡಿಯಲ್ಲಿ ಯೀಸ್ಟ್ ಬೆಳೆಸುತ್ತಿದ್ದ. ಕಾಮಾಲೆ ತರುವ ವೈರಸ್ಸಿನ ಹೊರಕವಚದ ಪ್ರೋಟೀನನ್ನು ಆ ಯೀಸ್ಟಿನಿಂದಲೇ ಮಾಡಿಸಿಕೊಳ್ಳುತ್ತಿದ್ದರು. ಅದು ಎಷ್ಟು ಬಂತೆಂದು ಅಳೆಯುವವಳು ಅಕ್ಕ. ತಟ್ಟೆಯ ಪುಟ್ಟ ಗುಳಿಗಳಲ್ಲಿ ಏರುವ ಹಳದಿ ಬಣ್ಣವನ್ನು, ಪ್ರಮಾಣ ಮೊದಲೇ ಗೊತ್ತಿರುವ ದ್ರವದ ಬಣ್ಣಕ್ಕೆ ಹೋಲಿಸಿ ಲೆಕ್ಕ ಹಾಕುತ್ತಿದ್ದಳು.

ಲಸಿಕೆ ಬರುವ ಮುಂಚೆ ಹುಟ್ಟಿದ್ದೇ ತಮ್ಮನ ತಪ್ಪು. ಅದೇ ವೈರಸ್ಸು ಅವನ ಯಕೃತ್ತನ್ನು ತಿಂದುಹಾಕಿತ್ತು. ಈಗ ವೈದ್ಯರೂ ಕೈಚೆಲ್ಲಿದ್ದರು. ಹಾಸಿಗೆ ಹಿಡಿಯುವ ಮುಂಚೆ ಅವನು ಯೀಸ್ಟಿಗೆ ಸಕ್ಕರೆ ಉಣಿಸುವ ಹೊಸ ಕ್ರಮವೊಂದನ್ನು ಹಾಕಿಕೊಟ್ಟಿದ್ದ. ಮೂರು ತಿಂಗಳಿಂದ ಅಕ್ಕನ ಅಳತೆ ಏರುತ್ತಲೇ ಇತ್ತು. "ದುಪ್ಪಟ್ಟಾಗ್ಲಿ ಅಕ್ಕ, ಆಮೇಲೆ ಹೊರಡ್ತೀನಿ" ಎಂದು ನಗುತ್ತಿದ್ದ.

ಆ ಸೋಮವಾರ ಹೋಲಿಕೆಯ ದ್ರವದ ಹೊಸ ಶೀಶೆಗಳು ಬಂದವು. ಹೊಸದನ್ನು ಒಡೆದು ಅಳೆದರೆ ಸಂಖ್ಯೆ ಧೊಪ್ಪನೆ ಮೂರು ತಿಂಗಳ ಹಿಂದಿನ ಜಾಗಕ್ಕೇ ಬಿತ್ತು. ಮೂರು ಸಲ ಅಳೆದಳು. ಆಗ ಹೊಳೆಯಿತು. ಹೆಪ್ಪುಗಟ್ಟಿಸಿಟ್ಟ ಆ ಶೀಶೆಯನ್ನು ಒಮ್ಮೆ ಕರಗಿಸಿದರೆ ಮಿಕ್ಕಿದ್ದನ್ನು ಎಸೆಯಬೇಕು. ಹೊಸವು ಬರುವುದು ತಡವಾಯಿತೆಂದು ಅವಳು ಮಿಕ್ಕಿದ್ದನ್ನೇ ಮತ್ತೆ ಮತ್ತೆ ಹೆಪ್ಪುಗಟ್ಟಿಸಿ, ಕರಗಿಸಿ ಬಳಸಿದ್ದಳು. ಅದರ ಕಸುವು ಇಳಿಯುತ್ತಾ ಹೋಗಿತ್ತು. ಕುಳ್ಳನ ಪಕ್ಕ ನಿಂತವರೆಲ್ಲ ಎತ್ತರವಾಗಿಯೇ ಕಾಣುತ್ತಾರಲ್ಲ, ಹಾಗೆ ತಮ್ಮನ ಯೀಸ್ಟು ಬೆಳೆದಂತೆ ಕಂಡಿತ್ತು. ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು ಮಾಡುವ ತಪ್ಪೇ ಇದು!

ದಾಖಲೆ ಪುಸ್ತಕದಲ್ಲಿ ತಪ್ಪು ತನ್ನದೆಂದು ಬರೆದು ಸಹಿ ಹಾಕಿದಳು. ಮೇಲಧಿಕಾರಿಯ ಮುಂದೆಯೂ ಒಪ್ಪಿಕೊಂಡಳು. ಅದೇನೂ ಕಷ್ಟವಾಗಲಿಲ್ಲ.

ಸಂಜೆ ಮನೆಗೆ ಬಂದಾಗ ತಮ್ಮ ದಿಂಬಿಗೆ ಒರಗಿದ್ದ. ಕಣ್ಣು ತಟ್ಟೆಯ ಗುಳಿಗಳಷ್ಟೇ ಹಳದಿ.

"ಎಷ್ಟು ಬಂತು ಅಕ್ಕ?"

ಅವಳು ಚೀಲವನ್ನು ಮೊಳೆಗೆ ಸಿಕ್ಕಿಸುತ್ತಾ, ಅವನ ಮುಖ ನೋಡದೆ ಹೇಳಿದಳು: "ದುಪ್ಪಟ್ಟಾಯ್ತು ಕಣೋ."

ಅವನು ದಿಂಬಿನಿಂದ ತಲೆ ಎತ್ತಿದ.

"ಪಾಯಿಂಟ್ ಎಷ್ಟು?"

ಅವಳು ಮೊಳೆಯ ಮೇಲಿನ ಚೀಲವನ್ನೇ ಮತ್ತೆ ಸರಿಪಡಿಸಿದಳು. ಹುಟ್ಟಿದಾಗಿನಿಂದ ಅವಳ ಲೆಕ್ಕ ಕೇಳಿದವನಿಗೆ ನಿಜ ತಿಳಿಯಲು ಇನ್ನೇನು ಬೇಕಿತ್ತು? ಕೈ ಚಾಚಿ ಅವಳ ಸೆರಗಿನ ತುದಿ ಹಿಡಿದುಕೊಂಡ.

"ಹೋಗ್ಲಿ ಬಿಡು" ಎಂದ. "ಇನ್ನೊಂದ್ಸಲ ಹೇಳು."

ಅವಳು ಹಾಸಿಗೆಯ ಅಂಚಿನಲ್ಲಿ ಕುಳಿತು ಇನ್ನೊಂದು ಸಲ ಹೇಳಿದಳು.